ಗಾಳಿಕಂಬಕ್ಕೆ ಕಟ್ಟಿದ ಹೂವು

ನಮ್ಮ ಮಾವನ ಎಡಗಣ್ಣಿನಲ್ಲಿ ಯಾವಾಗಲೂ ನೀರು ನಿಂತಿರುತ್ತಿತ್ತು. ಮಾತಾಡುತ್ತಾ ಕೂತರೆ ಅದು ಮೆಲ್ಲಗೆ ತುಂಬಿ, ಮೂಗಿನ ಪಕ್ಕದ ಗೆರೆಯಲ್ಲಿ ಇಳಿದು, ಬಿಳಿ ಮೀಸೆಯ ಹತ್ತಿರ ಬರುವ ಹೊತ್ತಿಗೆ ಅವರು ಹೆಗಲ ಮೇಲಿನ ಟವೆಲಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಬಲಗಣ್ಣು ಒಣಗಿಕೊಂಡು, ಚುರುಕಾಗಿ, ಎದುರಿನವರನ್ನು ನೋಡುತ್ತಲೇ ಇರುತ್ತಿತ್ತು. ಹೊಸಬರಿಗೆ ಇವರು ಅಳುತ್ತಿದ್ದಾರೆ ಅನಿಸುತ್ತಿತ್ತು. ಒಮ್ಮೆ ನಮ್ಮಲ್ಲಿ ಎರಡು ದಿನ ಉಳಿದಿದ್ದ ಮೈಸೂರಿನ ಟೀಚರೊಬ್ಬರು ಹೊರಡುವಾಗ ಮಾವನ ಮುಖ ನೋಡಿ, ತಮ್ಮನ್ನು ಕಳಿಸಿಕೊಡಲು ಇವರಿಗೆ ಇಷ್ಟು ಸಂಕಟವೇ ಎಂದುಕೊಂಡು ತಾವೂ ಕಣ್ಣೀರು ಹಾಕಿಬಿಟ್ಟರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮಾವ ನನ್ನ ಕಡೆ ತಿರುಗಿ, "ಪಾಪ, ಆ ಯಮ್ಮಂಗೆ ಮನೇಲಿ ಎಂತದೋ ಕಷ್ಟ ಇರಬೇಕು ಮಾರಾಯ್ತಿ" ಅಂದರು.

ಆ ನೀರು ಗಾಳಿಯಿಂದ ಬಂದದ್ದು. ಮಾವ ಅರಣ್ಯ ಇಲಾಖೆಯಲ್ಲಿ ದಿನಗೂಲಿಯ ಬೆಂಕಿ ಕಾವಲುಗಾರರಾಗಿದ್ದವರು. ಚಳಿ ಮುಗಿಯುವ ಹೊತ್ತಿನಿಂದ ಮೊದಲ ಮಳೆ ಬೀಳುವ ತನಕ, ನಮ್ಮೂರ ಹಿಂದಿನ ಬೋಳುಗುಡ್ಡದ ನೆತ್ತಿಯಲ್ಲಿ ನಿಂತು ಎಲ್ಲಿ ಹೊಗೆ ಏಳುತ್ತದೆ ಎಂದು ನೋಡುವುದು ಅವರ ಕೆಲಸ. ಎಷ್ಟೋ ಬೇಸಿಗೆ ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ ನಿಂತು ಎಡಗಣ್ಣು ಹಾಗಾಯಿತು. ಕೊಪ್ಪದ ಡಾಕ್ಟರು ಕೊಟ್ಟ ಹನಿ ಔಷಧಿಯನ್ನು ಎರಡು ದಿನ ಹಾಕಿಕೊಂಡು ಬಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, "ಅದು ಹಾಕಿದ್ರೆ ಗುಡ್ಡ ಎಲ್ಲ ಮಜ್ಜಿಗೆಲಿ ಮುಳುಗಿದಂಗೆ ಕಾಣ್ತದೆ" ಅಂದರು.

ನಾನು ಮುತ್ತಿನಕೊಪ್ಪದ ಕಡೆಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ, ಮದುವೆಯಾಗಿ ಕೊಪ್ಪ ಶೃಂಗೇರಿ ನಡುವಿನ ಈ ಊರಿಗೆ ಬಂದೆ. ಅತ್ತೆ ಆಗಲೇ ತೀರಿಕೊಂಡಿದ್ದರು. ಗಂಡ, ಮಾವ, ನಾನು, ಮೂರೇ ಜನ. ನಾನು ಬಂದ ಮರುವರ್ಷ ಮಾವನಿಗೆ ಇಲಾಖೆಯ ಕೆಲಸ ನಿಂತಿತು. ಆದರೆ ಅವರು ಗುಡ್ಡಕ್ಕೆ ಹೋಗುವುದು ನಿಲ್ಲಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಹತ್ತುವರು, ಬಿಸಿಲೇರುವ ಹೊತ್ತಿಗೆ ಇಳಿದು ಬಂದು ಒಂದು ಹಳೆಯ ಪುಸ್ತಕದಲ್ಲಿ ಒಂದು ಸಾಲು ಬರೆಯುವರು. ನನ್ನ ಗಂಡ ಹೈಸ್ಕೂಲಿನಲ್ಲಿ ಅರ್ಧ ಬರೆದು ಬಿಟ್ಟ ಸಮಾಜ ವಿಜ್ಞಾನದ ನೋಟ್ ಪುಸ್ತಕ ಅದು. ಮುಂದಿನಿಂದ ಅಶೋಕ ಚಕ್ರವರ್ತಿ, ಹಿಂದಿನಿಂದ ಮಾವನ ಗಾಳಿ.

ಗಾಳಿಗೆ ಅವರಲ್ಲಿ ನಾಲ್ಕೇ ಮಾತು. ಹುಲ್ಲು ಸುಮ್ಮನಿದೆ. ಹುಲ್ಲು ತಲೆಯಾಡಿಸಿದೆ. ಹುಲ್ಲು ಬಗ್ಗಿದೆ. ಹುಲ್ಲು ಮಲಗಿದೆ. ಸುಮ್ಮನಿದ್ದರೆ ಬೆಂಕಿ ಬಿದ್ದರೂ ಸೊಪ್ಪಿನಿಂದ ಬಡಿದು ಆರಿಸಬಹುದು. ಬಗ್ಗಿದ್ದರೆ ಆಳು ಕರೆಯಬೇಕು. ಮಲಗಿದ್ದರೆ ಓಡಬೇಕು. ಅವರ ಜೀವ ಆ ನಾಲ್ಕು ಮಾತಿನ ಮೇಲೆ ನಿಂತಿದ್ದರಿಂದ ಐದನೆಯದು ಬೇಕಾಗಿರಲಿಲ್ಲ.

ಆ ವರ್ಷಗಳಲ್ಲಿ ಶೃಂಗೇರಿಗೆ ಬಂದವರು ಹಾಗೇ ಗುಡ್ಡ, ಜಲಪಾತ ಎಂದು ಕೇಳಿಕೊಂಡು ಒಳಗಿನ ಊರುಗಳಿಗೂ ಬರತೊಡಗಿದ್ದರು. ಹೋಂಸ್ಟೇ ಎಂಬ ಮಾತು ನಮ್ಮ ಬಾಯಲ್ಲಿ ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ. ಕೆಳಮನೆಯ ಭಾವ, ಅಂದರೆ ನನ್ನ ಗಂಡನ ದೊಡ್ಡಪ್ಪನ ಮಗ, ಮೊದಲು ಮೂರು ರೂಮು ಕಟ್ಟಿದರು. ಆಮೇಲೆ ನಾವು ಶೀಟು ಹೊದಿಸಿ ಎರಡು ಕಟ್ಟಿದೆವು. ಅಡುಗೆ ನನ್ನದು. ಬೆಳಿಗ್ಗೆ ಕಡುಬು, ಮಧ್ಯಾಹ್ನ ಕಳಲೆ ಪಲ್ಯ, ಕೇಳಿದವರಿಗೆ ಅಕ್ಕಿ ರೊಟ್ಟಿ. ನನ್ನ ಗಂಡ ಹಳೇ ಜೀಪೊಂದನ್ನು ತಂದು, ದಟ್ಟ ಮರಗಳ ಕಾನಿನ ಅಂಚಿನ ಗಾಡಿದಾರಿಯಲ್ಲಿ ಬಂದವರನ್ನು ಹುಲ್ಲುಗಾವಲಿನ ಮೇಲೆ ನೆತ್ತಿಯವರೆಗೆ ಕರೆದುಕೊಂಡು ಹೋಗುತ್ತಿದ್ದರು. ನಡೆಯುವ ಮನಸ್ಸಿದ್ದವರು ಮಾವನ ಪಾಲು. ಏದುಸಿರು ಬಿಡುವವರಿಗೆ ಮಾವ, "ಗುಡ್ಡ ಎಲ್ಲಿಗೂ ಹೋಗಾದಿಲ್ಲ, ನೀವು ನಿಧಾನ ಬನ್ನಿ" ಅನ್ನುವರು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಂಡು ಕಿರುಚಿದವರಿಗೆ, "ಅದಕ್ಕೂ ನೀವು ಹೊಸಬರೇ, ಹೆದರಿಸಬೇಡಿ" ಅನ್ನುವರು. ಕೈಯಲ್ಲಿ ಸುಣ್ಣದ ಡಬ್ಬಿ ತಯಾರಿರುತ್ತಿತ್ತು.

ಕಂಬ ಬಂದದ್ದು ಒಂದು ಬೇಸಿಗೆಯಲ್ಲಿ. ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯವರು ಬೋಳುಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಪಟ್ಟಿಗಳ ಎತ್ತರದ ಕಂಬ ನಿಲ್ಲಿಸಿ, ನಾಲ್ಕೂ ಕಡೆ ತಂತಿ ಬಿಗಿದರು. ತುದಿಯಲ್ಲಿ ಮೂರು ಪುಟ್ಟ ಬಟ್ಟಲುಗಳ ಒಂದು ಗಿರಗಿಟ್ಟಲೆ, ಅರ್ಧದಲ್ಲಿ ಅಂಥದೇ ಇನ್ನೊಂದು. ಗಾಳಿ ಬೀಸಿದಷ್ಟೂ ಬಟ್ಟಲು ತಿರುಗುತ್ತದೆ, ತಿರುಗಿದ ಲೆಕ್ಕ ಬುಡದ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸೇರುತ್ತದೆ. ಒಂದು ವರ್ಷ ನೋಡುವುದು, ಗಾಳಿ ಸಾಕಷ್ಟಿದ್ದರೆ ದೊಡ್ಡ ಗಾಳಿಯಂತ್ರಗಳನ್ನು ತರುವುದು. ತಿಂಗಳಿಗೊಮ್ಮೆ ಚಿತ್ರದುರ್ಗದ ಕಡೆಯಿಂದ ಅವರ ಟೆಕ್ನಿಷಿಯನ್ ಬಂದು ಪೆಟ್ಟಿಗೆಯ ಕಾರ್ಡು ಬದಲಿಸಿಕೊಂಡು ಹೋಗುತ್ತಿದ್ದರು. ಊರಿನವರು ಅವರನ್ನು ಗಾಳಿ ಸಾಹೇಬರು ಎಂದರು. ನಡುವಯಸ್ಸಿನ, ನಾಚಿಕೆಯ ಮನುಷ್ಯ. ದನ ಬಂದು ತಂತಿಗೆ ಮೈ ಉಜ್ಜದಂತೆ ನೋಡಿಕೊಳ್ಳಲು ಅವರು ಕಾವಲಿಗೆ ಇಟ್ಟುಕೊಂಡದ್ದು ನಮ್ಮ ಮಾವನನ್ನೇ. ಹೇಗೂ ದಿನಾ ಹತ್ತುವವರು.

ಊರಿನಲ್ಲಿ ಎರಡು ಮಾತು ಶುರುವಾಯಿತು. ಕೆಲಸ ಸಿಗುತ್ತದೆ, ರಸ್ತೆ ಆಗುತ್ತದೆ ಎಂದು ಕೆಲವರು. ಅಷ್ಟು ದೊಡ್ಡ ರೆಕ್ಕೆಗಳು ಗರಗರ ತಿರುಗುತ್ತಿದ್ದರೆ ಗುಡ್ಡ ನೋಡಲು ಯಾರು ಬರುತ್ತಾರೆ ಎಂದು ನಾವು, ಕೆಳಮನೆಯವರು. ಕೆಳಮನೆಯ ಭಾವ ನಮ್ಮ ಜಗುಲಿಯಲ್ಲಿ ಕೂತು ಕೂಗಾಡುವರು. ಮಾವ ಎಲೆಗೆ ಸುಣ್ಣ ಹಚ್ಚುತ್ತಾ, "ರಾತ್ರಿ ಕರೆಂಟು ಹೋದ್ರೆ ಲೈನ್‌ಮನ್‌ಗೆ ಬೈಯೋರೂ ನಾವೇ, ಕಂಬ ಬೇಡ ಅನ್ನೋರೂ ನಾವೇ" ಅಂದು ನಗುವರು.

"ನಗಾದಲ್ಲ ಚಿಕ್ಕಪ್ಪ. ನಿಮ್ಮ ಸೊಸೆ ಕಡುಬು ಯಾರಿಗೆ ಬೇಯಿಸಾದು ಆಮೇಲೆ?"

"ನಂಗೆ. ನಾನೇನು ಬೇಡ ಅಂದೀನಾ?"

ಮಳೆಗಾಲದಲ್ಲಿ ಸಿಡಿಲು ಹೊಡೆದು ಅರ್ಧದಲ್ಲಿದ್ದ ಬಟ್ಟಲು ಕೆಟ್ಟಿತು. ತುದಿಯದು ಒಂದೇ ಉಳಿಯಿತು. ಅದೇ ಸಾಕು ಎಂದು ಕಂಪನಿಯವರು ಬಿಟ್ಟರು. ಹಾಗೆ ಬಿಟ್ಟದ್ದರಿಂದಲೇ ಮುಂದಿನದೆಲ್ಲ ಆಯಿತು.

ಆಯುಧಪೂಜೆ ಬಂತು. ನಮ್ಮಲ್ಲಿ ಅಂದು ಕತ್ತಿ, ಗುದ್ದಲಿ, ಜೀಪು, ಗ್ರೈಂಡರು, ಎಲ್ಲಕ್ಕೂ ಹೂವು. ಬಾಳೆಹೊನ್ನೂರಿನ ಸಂತೆಯಿಂದ ಚೆಂಡುಹೂವು ತರಿಸಿದ್ದೆ. ಬಂದಿದ್ದವರ ಕಾರಿಗೂ ಕಟ್ಟಿಯಾಯಿತು. ಮಾವ ತಮ್ಮ ಕಂಬಕ್ಕೂ ಒಂದು ಮಾಲೆ ಕೇಳಿದರು. "ಅದೂ ಯಂತ್ರವೇ ಅಲ್ದಾ? ಪಾಪ, ಒಂಟಿಯಾಗಿ ನಿಂತದೆ." ನಾನೂ ಅವರ ಜತೆ ಹೊರಟೆ. ಬುಡಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮಾಲೆಯನ್ನು ಕೆಳಗಿನ ಪಟ್ಟಿಗೆ ಕಟ್ಟಲು ಹೋದರು. ನಾನು ಸುಮ್ಮನಿರಲಿಲ್ಲ.

"ಬುಡಕ್ಕೆ ಕಟ್ಟಿದ್ರೆ ಎಂತ ಬಂತು ಮಾವಯ್ಯ? ಕೆಲಸ ಮಾಡಾದು ಮೇಲಿನ ಬಟ್ಟಲು. ಗ್ರೈಂಡರಿಗೆ ಪೂಜೆ ಅಂದ್ರೆ ಅದರ ವಯರಿಗೆ ಹೂ ಇಡ್ತೀವಾ?"

ಮಾವ ಮೇಲೆ ನೋಡಿದರು. "ಅದೂ ಸರಿಯೇ" ಅಂದರು. ಟವೆಲು ಸೊಂಟಕ್ಕೆ ಬಿಗಿದು ಕಬ್ಬಿಣದ ಪಟ್ಟಿ ಹಿಡಿದು ಹತ್ತಿಯೇಬಿಟ್ಟರು. ಅವರಿಗೆ ಅರವತ್ತು ದಾಟಿತ್ತು. ನಾನು ಕೆಳಗೆ ನಿಂತು, ಬೇಡವಿತ್ತು ಎಂದು ನೂರು ಸಲ ಅಂದುಕೊಂಡೆ. ಆದರೆ ಬಾಯಿಬಿಟ್ಟು ಇಳಿಯಿರಿ ಅನ್ನಲಿಲ್ಲ. ತುದಿಯ ಬಟ್ಟಲಿನ ಕುತ್ತಿಗೆಗೆ ಮಾಲೆ ಕಟ್ಟಿ, ಅಲ್ಲಿಂದಲೇ ನನಗೆ ಕೈಮುಗಿದು ತಮಾಷೆ ಮಾಡಿ ಇಳಿದು ಬಂದರು.

ಇನ್ನೊಂದು ಮಾತು ಹೇಳಬೇಕು. ಮನೆಯ ಮಾಲೆಗಳನ್ನೆಲ್ಲ ಬಾಳೆನಾರಿನಲ್ಲಿ ಪೋಣಿಸಿದ್ದೆ. ಗುಡ್ಡದ ಗಾಳಿಗೆ ನಾರು ತಡೆಯುವುದಿಲ್ಲ ಎಂದು ಆ ಒಂದು ಮಾಲೆಯನ್ನು ಮಾತ್ರ ಗೊಬ್ಬರದ ಚೀಲದಿಂದ ಬಿಚ್ಚಿಟ್ಟಿದ್ದ ನೈಲಾನ್ ದಾರದಲ್ಲಿ ಪೋಣಿಸಿದ್ದೆ. ನಾರಾಗಿದ್ದರೆ ವಾರದಲ್ಲಿ ಕೊಳೆತು ಉದುರಿ ಹೋಗುತ್ತಿತ್ತು.

ಹೂವು ಒಣಗಿ ಉದುರಿತು. ದಾರ ಉಳಿಯಿತು. ನಮಗೆ ಅದರ ನೆನಪೂ ಇರಲಿಲ್ಲ. ಗಾಳಿ ಸಾಹೇಬರು ಬಂದರು, ಕಾರ್ಡು ತೆಗೆದರು, ಹೋದರು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ದಿನ ನಮ್ಮಲ್ಲಿ ಕಾಫಿ ಕುಡಿಯುತ್ತಾ, "ಯಜಮಾನ್ರೇ, ನಿಮ್ಮ ಗುಡ್ಡದಾಗೆ ಗಾಳಿ ಸಾಲದಂತೆ ಕಣ್ರೀ. ಮಳೆಗಾಲ ಬಿಟ್ರೆ ಸತ್ತಂಗೆ ಬಿದ್ದೈತೆ. ಸಂಕ್ರಾಂತಿ ಆದ ಮೇಲೆ ಕಂಬ ಬಿಚ್ಚಿಕೊಂಡು ಹೋಗೋಣ ಅಂತ ಆಫೀಸ್‌ನಾಗೆ ಮಾತಾಗೈತೆ" ಅಂದರು.

ಒಳಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ಹಗುರಾಯಿತು. ಕೆಳಮನೆಯ ಭಾವ ಅಂದು ಸಂಜೆ ಊರಿಗೆಲ್ಲ ಸುದ್ದಿ ಹಂಚಿದರು. ನನ್ನ ಗಂಡ ಜೀಪಿಗೆ ಹೊಸ ಹುಡ್ ಹೊದಿಸುವ ಮಾತಾಡಿದರು. ಮಾವ ಒಬ್ಬರೇ ನೋಟ್ ಪುಸ್ತಕ ತಿರುವುತ್ತಾ ಕೂತಿದ್ದರು.

"ಇಲ್ಲಿ ನೋಡು ಮಗಾ. ಈ ತಿಂಗಳಲ್ಲಿ ಹನ್ನೊಂದು ದಿನ ಹುಲ್ಲು ಮಲಗಿದೆ ಅಂತ ಬರ್ದೀನಿ. ಅವರ ಪೆಟ್ಟಿಗೆ ಗಾಳಿ ಇಲ್ಲ ಅಂತದೆ. ಇಬ್ರಲ್ಲಿ ಒಬ್ರಿಗೆ ಕಣ್ಣು ಮಂಜಾಗಿದೆ."

"ನಿಮಗೇ ಮಾವಯ್ಯ. ಆ ಔಷಧಿ ಹಾಕ್ಕಳಿ" ಅಂದೆ. ಅವರು ನಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಹಕ್ಕಿ ನೋಡುವ ಗಂಡ ಹೆಂಡತಿ ಇಬ್ಬರು ಬಂದು ಉಳಿದಿದ್ದರು. ಮಾವ ಅವರನ್ನು ಕಾನಿನಲ್ಲಿ ಮಂಗಟ್ಟೆ ಹಕ್ಕಿ ತೋರಿಸಲು ಕರೆದುಕೊಂಡು ಹೋಗಿ, ಅಲ್ಲಿಂದ ನೆತ್ತಿಗೆ ಹತ್ತಿಸಿದರಂತೆ. ಅವರ ದುರ್ಬೀನನ್ನು ಕೇಳಿ ತೆಗೆದುಕೊಂಡು, ಹಕ್ಕಿಯ ಕಡೆಗಲ್ಲ, ಕಂಬದ ತುದಿಗೆ ಹಿಡಿದರಂತೆ. ಒಣ ಬಲಗಣ್ಣಿನಿಂದ ನೋಡಿದರಂತೆ. ಹುಲ್ಲು ಮಲಗಿತ್ತು. ಬಟ್ಟಲು ಮಾತ್ರ ಕುಂಟುತ್ತಾ, ಒಂದು ಸುತ್ತಿಗೆ ಎರಡು ಸಲ ತಡೆದು, ಸೋತವರ ಹಾಗೆ ತಿರುಗುತ್ತಿತ್ತು. ಅದರ ಕತ್ತಿನ ಸುತ್ತ ನನ್ನ ದಾರ.

ಬಂದು ಹೇಳಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಹೆದರಿಕೆಯಾಯಿತು. ಯಾಕೆಂದರೆ ಅವರ ಮುಖದಲ್ಲೇ ಕಾಣುತ್ತಿತ್ತು, ಇದನ್ನು ಅವರು ಹೇಳುತ್ತಾರೆ ಎಂದು.

ಕಂಬ ಬಿಚ್ಚಲು ಎಂಟು ದಿನ ಇತ್ತು. ಆ ಎಂಟು ದಿನ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಕೆಳಮನೆಯ ಭಾವ ದಿನಾ ಬಂದರು. "ಚಿಕ್ಕಪ್ಪ, ನೀವು ಸುಳ್ಳು ಹೇಳಿ ಅಂತ ನಾನು ಅನ್ನಾದಿಲ್ಲ. ಬಾಯಿ ಮುಚ್ಚಿಕೊಂಡಿರಿ ಅಂತೀನಿ. ಅಷ್ಟೇ. ಕಷ್ಟವಾ ಅದು?"

"ಬಾಯಿ ಮುಚ್ಚಬಹುದು ಕಣೋ. ಗಾಳಿ ಇಲ್ಲ ಅಂತ ಅವರು ಬರ್ಕೊಂಡು ಹೋಗ್ತಾರಲ್ಲ, ನಾ ನಲವತ್ತು ವರ್ಷ ನಿಂತ ಜಾಗದಲ್ಲಿ ಗಾಳಿ ಇಲ್ಲ ಅಂತ. ನಾನೇ ಕಟ್ಟಿಹಾಕಿ, ನಾನೇ ಸುಮ್ಮನಿರಾದಾ?"

ನನ್ನ ಗಂಡ, "ಹೋಗ್ಲಿ, ಹತ್ತಿ ಆ ದಾರ ಕಿತ್ತುಬಿಡಿ ಅಪ್ಪಯ್ಯ. ಉಳಿದದ್ದು ಅವರ ಹಣೆಬರಹ" ಅಂದರು.

"ಅವರು ನೋಡೋ ಮೊದಲು ಕಿತ್ತರೆ ಅದು ಇನ್ನೊಂದು ಕಳ್ಳತನ."

ಕೊನೆಗೆ ನಾನು ಹೇಳಿದೆ. ಜೋರಾಗಿಯೇ ಹೇಳಿದೆ. ಈ ಎರಡು ರೂಮು ಬಂದ ಮೇಲೆ ಮೊದಲ ಸಲ ಈ ಮನೆಯಲ್ಲಿ ನನ್ನದೇ ಅನ್ನುವ ಒಂದು ಕೆಲಸವಾಯಿತು, ಜನ ನನ್ನ ಕೈ ಅಡುಗೆ ಕೇಳಿಕೊಂಡು ಬರುತ್ತಾರೆ, ಅದನ್ನು ನೀವು ಒಂದು ದಾರದ ಸಲುವಾಗಿ ಕಳೆಯುತ್ತೀರಿ ಎಂದೆ. ಅವರು ಎಡಗಣ್ಣು ಒರೆಸಿಕೊಂಡರು. ಅದು ಗಾಳಿಯ ನೀರೋ ಬೇರೆಯೋ ಅಂದು ನನಗೆ ಗೊತ್ತಾಗಲಿಲ್ಲ. "ನೀ ಹೇಳಾದು ಸುಳ್ಳಲ್ಲ ಮಗಾ" ಎಂದಷ್ಟೇ ಅಂದರು.

ಗಾಳಿ ಸಾಹೇಬರು ಆಳುಗಳ ಜತೆ ಬಂದ ದಿನ ನಾನು ಮಾವನ ಮುಂದೆ ಕಾಫಿ ಲೋಟ ಇಟ್ಟು, ಮಾತಾಡದೆ ಒಳಗೆ ಹೋದೆ. ಅವರು ಕುಡಿದು, ಸಾಹೇಬರನ್ನು ಕರೆದುಕೊಂಡು ಹತ್ತಿದರು. ಮಧ್ಯಾಹ್ನ ಇಳಿದು ಬಂದಾಗ ಕಂಬ ಗುಡ್ಡದ ಮೇಲೆ ಹಾಗೇ ಇತ್ತು. ದಾರ ಸಾಹೇಬರ ಅಂಗಿಯ ಜೇಬಿನಲ್ಲಿತ್ತು. ಅವರು ನಮ್ಮ ಜಗುಲಿಯಲ್ಲಿ ಅದನ್ನು ತೆಗೆದು ನೋಡಿ ನೋಡಿ ನಗುತ್ತಿದ್ದರು. ಇನ್ನೊಂದು ವರ್ಷ ಹೊಸ ಬಟ್ಟಲು ಹಾಕಿ ನೋಡುವುದು ಎಂದಾಯಿತು.

ನಾನು ಮಾವನ ಜತೆ ಹದಿನೈದು ದಿನ ಮಾತಾಡಲಿಲ್ಲ. ಬಡಿಸುತ್ತಿದ್ದೆ, ಬಿಸಿನೀರು ಇಡುತ್ತಿದ್ದೆ, ಮಾತಿಲ್ಲ. ಅವರು ಬೇಸರ ತೋರಿಸಲಿಲ್ಲ. ಬೇಕಾದದ್ದನ್ನು ನಾಯಿಗೆ ಹೇಳುವರು. "ನಮಗೆ ಉಪ್ಪಿನಕಾಯಿ ಬೇಕಿತ್ತು ಅಂತ ಯಾರಿಗಾದ್ರೂ ಹೇಳು ಮಾರಾಯ." ಹದಿನಾರನೆಯ ದಿನ ನಾನೇ ನಕ್ಕುಬಿಟ್ಟೆ.

ಹೊಸ ಬಟ್ಟಲು ಸುಮ್ಮನಿರಲಿಲ್ಲ. ವರ್ಷ ಕಳೆದು ಕಂಪನಿಯ ಕಾಗದ ಬಂತು. ಗಾಳಿ ಚೆನ್ನಾಗಿದೆ, ಯಂತ್ರ ಹಾಕುತ್ತೇವೆ, ಊರಿನವರ ಅಭಿಪ್ರಾಯ ಕೇಳಲು ಸಭೆ. ನಮ್ಮೂರ ಶಾಲೆಯ ಜಗುಲಿಯಲ್ಲಿ ಬೆಂಚು ಹಾಕಿದರು. ತಾಲೂಕಿನ ಅಧಿಕಾರಿಯೊಬ್ಬರು, ಕಂಪನಿಯ ಮ್ಯಾನೇಜರು, ಹಿಂದೆ ಗಾಳಿ ಸಾಹೇಬರು. ಹೆಂಗಸರು ನಾವು ಕಿಟಕಿಯ ಪಕ್ಕ ಕೂತೆವು. ಮ್ಯಾನೇಜರು ನಕ್ಷೆ ಬಿಚ್ಚಿ ತೋರಿಸಿದರು. ಉದ್ದುದ್ದ ರೆಕ್ಕೆ ಹೊತ್ತ ಲಾರಿ ಹತ್ತಬೇಕೆಂದರೆ ಅಗಲದ ರಸ್ತೆ ಬೇಕು. ಅದು ಕಾನಿನ ನಡುವೆ, ನಮ್ಮ ಹಳ್ಳ ಹುಟ್ಟುವ ಜಾಗದ ಮೇಲೆಯೇ ಹಾದುಹೋಗುತ್ತಿತ್ತು.

ಮಾವ ಎದ್ದು ನಿಂತರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಗಾಳಿ ನಿಮಗೆ ಬೇಕಾದಷ್ಟು ತಗೊಳ್ಳಿ. ಅದು ನಮ್ದಲ್ಲ. ಆದ್ರೆ ಆ ಇಳಿಜಾರಲ್ಲಿ ರಸ್ತೆ ಬೇಡ. ಅಲ್ಲಿ ಮಣ್ಣು ಮರದ ಬೇರಿಗೆ ಜೋತುಕೊಂಡು ನಿಂತದೆ. ಎರಡು ಸಲ ಜಾರಿದ್ದು ನಾನೇ ಕಂಡೀನಿ. ಮರ ಕಡಿದ್ರೆ ಗುಡ್ಡ ಹಳ್ಳಕ್ಕೆ ಬರ್ತದೆ, ಹಳ್ಳ ನಮ್ಮ ಗದ್ದೆಗೆ ಬರ್ತದೆ."

ಮ್ಯಾನೇಜರು ಸಿಟ್ಟಿನವರಲ್ಲ. ಮೆತ್ತಗೇ ಕೇಳಿದರು. "ಸರಿ ಯಜಮಾನ್ರೇ. ಆದರೆ ಅದೇ ಕಾನಿನ ಪಕ್ಕ ದಿನಾ ನಿಮ್ಮ ಜೀಪು ಹತ್ತುತ್ತದಲ್ಲ? ಮೇಲೆ ಹುಲ್ಲಿನಲ್ಲಿ ಚಕ್ರದ ಗುರುತು ನಾವೂ ನೋಡಿದೀವಿ. ನಿಮ್ಮ ಜೀಪು ಹೋಗಬಹುದು, ನಮ್ಮ ಲಾರಿ ಹೋಗಬಾರದು. ಇದು ಯಾವ ನ್ಯಾಯ?"

ನನ್ನ ಗಂಡ ತಲೆ ಬಗ್ಗಿಸಿದರು. ಕೆಳಮನೆಯ ಭಾವ, "ಅದು ಬೇರೆ, ಇದು ಬೇರೆ" ಅನ್ನಲು ಶುರು ಮಾಡಿ ಮುಂದೆ ಏನೂ ಸಿಗದೆ ನಿಲ್ಲಿಸಿದರು. ಮಾವ ತುಂಬಾ ಹೊತ್ತು ನಿಂತೇ ಇದ್ದರು. ಎಡಗಣ್ಣು ತುಂಬಿತು. ಅಧಿಕಾರಿ, "ಅಳಬೇಡಿ ಅಜ್ಜ, ಕೂತ್ಕೊಳ್ಳಿ" ಅಂದರು. ಜನ ನಕ್ಕರು.

"ಅಳ್ತಿಲ್ಲ ಸ್ವಾಮಿ, ಯೋಚನೆ ಮಾಡ್ತಿದ್ದೆ" ಅಂದರು ಮಾವ. ಆಮೇಲೆ ಮ್ಯಾನೇಜರ ಕಡೆ ತಿರುಗಿ, "ನೀವು ಕೇಳಿದ್ದು ಸರಿ ಉಂಟು. ನಾಳೆಯಿಂದ ನಮ್ಮ ಜೀಪೂ ಹತ್ತಾದಿಲ್ಲ" ಅಂದರು.

ನನ್ನ ಗಂಡ ತಲೆ ಎತ್ತಿ ಅಪ್ಪನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಅವರನ್ನು ಯಾರೂ ಕೇಳಿರಲಿಲ್ಲ. ಜೀಪು ಅವರದು. ಮಾತು ಅಪ್ಪನದು, ಊರ ಮುಂದೆ ಆಡಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅವರು ಕೂತಲ್ಲಿಂದಲೇ, "ಹೂಂ, ಹತ್ತಾದಿಲ್ಲ" ಅಂದರು.

ಮ್ಯಾನೇಜರು ಹಿಂದಕ್ಕೆ ವಾಲಿ ಗಾಳಿ ಸಾಹೇಬರನ್ನು ಏನೋ ಕೇಳಿದರು. ಸಾಹೇಬರು ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದರು. "ಸರ್, ಇವರು ಮಣ್ಣು ಜಾರ್ತದೆ ಅಂದ್ರೆ ಜಾರ್ತದೆ. ಇಲ್ಲಿ ಗಾಳಿ ಐತೆ ಅಂತ ನಮಗೆ ಹೇಳಿದ್ದೂ ಇವರೇ. ಹೇಳದೇ ಇದ್ದಿದ್ರೆ ನಾವು ಅವತ್ತೇ ಗಂಟು ಕಟ್ಟುತ್ತಿದ್ವಿ."

ಆಮೇಲೆ ಅವರ ಎಂಜಿನಿಯರುಗಳು ಬಂದು ಇಳಿಜಾರಿನಲ್ಲಿ ಗುಂಡಿ ತೋಡಿ ಮಣ್ಣು ಒಯ್ದರು. ಒಂದು ಮಳೆಗಾಲ ಕಳೆಯಿತು. ಆ ಮಳೆಗಾಲದಲ್ಲಿ ಅವರು ಗುಂಡಿ ತೋಡಿದ ಕಡೆ ಒಂದಿಷ್ಟು ಜರಿದದ್ದೂ ನಿಜ. ಮುಂದಿನ ಬೇಸಿಗೆಯಲ್ಲಿ ಕಂಬ ಬಿಚ್ಚಿದರು. ಬಯಲುಸೀಮೆಯಲ್ಲಿ ಮರವಿಲ್ಲದ ಗುಡ್ಡವೊಂದು ಸಿಕ್ಕಿತಂತೆ. ಮಾವನ ಮಾತಿನಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ. ರಸ್ತೆಯ ಖರ್ಚು ಹೆಚ್ಚಾಯಿತು ಎಂದೂ ಕೇಳಿದ್ದೇನೆ. ನೆತ್ತಿಯಲ್ಲಿ ಈಗ ಕಂಬ ನಿಂತಿದ್ದ ಸಿಮೆಂಟಿನ ಕಟ್ಟೆ ಒಂದೇ ಇದೆ. ಹತ್ತಿ ಬಂದವರು ಅದರ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಾರೆ.

ಜೀಪು ನಿಂತ ಮೊದಲ ವರ್ಷ ಕಷ್ಟವಾಯಿತು. ಬಂದವರು, ನಡೆಯಬೇಕೇ, ಎಂದು ಕೇಳಿ ಬೇರೆ ಕಡೆ ಹೋದರು. ಕೆಳಮನೆಯ ಭಾವ ಒಂದಿಷ್ಟು ದಿನ ನಮ್ಮ ಜಗುಲಿ ಹತ್ತಲಿಲ್ಲ. ನನ್ನ ಗಂಡ ಜೀಪನ್ನು ಭಂಡಿಗಡಿ, ಕೊಪ್ಪದ ಬಾಡಿಗೆಗೆ ಓಡಿಸಿದರು. ಆಮೇಲೆ ನಿಧಾನವಾಗಿ ನಡೆಯುವವರೇ ಬರತೊಡಗಿದರು. ಅವರು ಹೆಚ್ಚು ದಿನ ಉಳಿಯುತ್ತಾರೆ, ಹೆಚ್ಚು ಉಣ್ಣುತ್ತಾರೆ. ಚಕ್ರದ ಗುರುತಿನ ಮೇಲೆ ಎರಡು ಮಳೆಗಾಲದಲ್ಲಿ ಹುಲ್ಲು ಬಂತು. ಮಾವ ಆ ಹುಲ್ಲಿನ ಹತ್ತಿರ ಬಂದಾಗ ಪ್ರತಿ ಸಲ ಸ್ವಲ್ಪ ಸುತ್ತು ಹಾಕಿ ನಡೆಯುವರು, ಮಲಗಿದ ಮಗುವನ್ನು ದಾಟುವವರ ಹಾಗೆ. ಬಂದವರಿಗೂ ಹಾಗೇ ಹೇಳುವರು. ಚಿಪ್ಸಿನ ಕವರು ಬಿಸಾಕಿದವರ ಹಿಂದೆ ತಾವೇ ಹೆಕ್ಕುತ್ತಾ ಹೋಗಿ, ಕೆಳಗಿಳಿದ ಮೇಲೆ, "ನಿಮ್ಮ ಸಾಮಾನು ಬಿಟ್ಟು ಬಂದಿದ್ರಿ" ಎಂದು ಕೈಗೆ ಕೊಡುವರು. ನಾನು ನಾಚಿಕೆಯಿಂದ ಒಳಗೆ ಓಡುತ್ತಿದ್ದೆ. ಅವರಲ್ಲಿ ಕೆಲವರು ಮರುವರ್ಷವೂ ಬಂದರು.

ಆ ಕೆಲವು ವರ್ಷ ನಮ್ಮ ಮನೆ ಸುಖವಾಗಿತ್ತು ಎಂದೇ ಹೇಳಬೇಕು. ಮಾವನಿಗೆ ಏನೂ ಕಮ್ಮಿ ಅನಿಸುತ್ತಿರಲಿಲ್ಲ. ಬೆಳಿಗ್ಗೆ ಗುಡ್ಡ, ಮಧ್ಯಾಹ್ನ ಒಂದು ಸಾಲು ಬರವಣಿಗೆ, ಸಂಜೆ ಬಂದವರಿಗೆ ಬೆಂಕಿಯ ಕತೆ. ಗಾಳಿ ಸಾಹೇಬರು ಶೃಂಗೇರಿಗೆ ಹೆಂಡತಿ ಮಕ್ಕಳ ಜತೆ ಹೋಗುವಾಗಲೆಲ್ಲ ನಮ್ಮಲ್ಲಿ ಇಳಿದು ಹೋಗುವರು. ಅವರೂ ಮಾವನೂ ನಗುತ್ತಾ ಕೂತಿರುವುದು ಅಡುಗೆಮನೆಗೆ ಕೇಳುತ್ತಿತ್ತು.

ಹೋದ ಮಾಘದಲ್ಲಿ ಮಾವನಿಗೆ ಜ್ವರ ಬಂತು. ಕೊಪ್ಪದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಐದನೆಯ ದಿನ ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದಾಗ ಕಿಟಕಿಯ ಕಡೆ ನೋಡಿ, "ಇಲ್ಲಿ ಹುಲ್ಲೇ ಇಲ್ಲ ಮಗಾ, ಹೆಂಗೆ ಗೊತ್ತಾಗಾದು" ಅಂದರು. ಆಸ್ಪತ್ರೆಯ ಅಂಗಳದ ತೆಂಗಿನ ಗರಿ ತೋರಿಸಿದೆ. ಅದನ್ನು ನೋಡಿ, "ತಲೆಯಾಡಿಸಿದೆ" ಅಂದರು. ಮಧ್ಯಾಹ್ನ ತೀರಿಕೊಂಡರು. ಮುಖ ಒರೆಸುವಾಗ ಎರಡೂ ಕಣ್ಣು ಒಣಗಿದ್ದವು. ಆ ಮುಖ ನನಗೆ ಗುರುತು ಸಿಗದ ಹಾಗೆ ಇತ್ತು.

ಹನ್ನೊಂದನೆಯ ದಿನಕ್ಕೆ ಗಾಳಿ ಸಾಹೇಬರು ಚಿತ್ರದುರ್ಗದಿಂದ ಬಂದರು. ಊಟವಾದ ಮೇಲೆ ಜಗುಲಿಯಲ್ಲಿ ಕೂತು ತುಂಬಾ ಹೊತ್ತು ಗುಡ್ಡ ನೋಡಿದರು. ನಾನು ಕಾಫಿ ತಂದೆ.

"ಅಮ್ಮಾ, ಆ ಹೂವಿನ ಕತೆ ನಮ್ಮ ಆಫೀಸ್‌ನಾಗೆ ಈಗಲೂ ಹೇಳ್ತಾರೆ" ಅಂದರು. "ನೀವು ಪಾಪ ಎಷ್ಟು ಬೇಡ ಅಂದಿದ್ರಿ."

ನನಗೆ ಅರ್ಥವಾಗಲಿಲ್ಲ.

"ಅವತ್ತು ಕಂಬದ ಬುಡದಾಗೆ ನಿಂತು ನಾನು ಬೈದೆ. ಹೂವೇನೋ ಸರಿ, ಈ ನೈಲಾನ್ ದಾರ ಯಾರ ಬುದ್ಧಿ, ತುದಿಗೆ ಯಾರು ಕಟ್ಟು ಅಂದದ್ದು ಅಂತ. ಆಗ ಯಜಮಾನ್ರು ಹೇಳಿದ್ರು. ನಮ್ಮ ಸೊಸೆ ಬಾಳೆನಾರಿನಾಗೆ ಪೋಣಿಸಿ ಕೊಟ್ಟಿದ್ಲು, ಬುಡಕ್ಕೆ ಇಟ್ರೆ ಸಾಕು ಮಾವಯ್ಯ, ಮೇಲೆ ಹತ್ತಬೇಡಿ ಅಂತ ಕೈ ಹಿಡ್ಕೊಂಡ್ಲು. ನಾನೇ ಕೇಳದೆ ದಾರ ಬದಲಿಸಿ ಹತ್ತಿದೆ, ಬರೆಯೋದಾದ್ರೆ ನನ್ನ ಹೆಸರು ಬರ್ಕೊಳ್ಳಿ ಅಂದ್ರು. ರಿಪೋರ್ಟ್‌ನಾಗೆ ಹಂಗೇ ಬರೆದೆ."

ಲೋಟ ನನ್ನ ಕೈಯಲ್ಲೇ ಇತ್ತು. ಅಂದು ಬೆಳಿಗ್ಗೆ ನಾನು ಅವರ ಮುಂದೆ ಕಾಫಿ ಇಟ್ಟು ಮಾತಾಡದೆ ಒಳಗೆ ಹೋಗಿದ್ದೆ. ಆ ಕಾಫಿ ಕುಡಿದು ಹತ್ತಿ ಹೋಗಿ, ಗಾಳಿಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ನನ್ನ ಬಗ್ಗೆ ಹೀಗೆ ಹೇಳಿ ಬಂದಿದ್ದರು. ಆಮೇಲೆ ಹದಿನೈದು ದಿನ ಉಪ್ಪಿನಕಾಯಿಯನ್ನು ನಾಯಿಯ ಹತ್ತಿರ ಕೇಳಿದರು. ಇಷ್ಟು ವರ್ಷ ಒಂದು ಮಾತು ನನಗೆ ತಿಳಿಯಗೊಡಲಿಲ್ಲ.

"ಇಲ್ಲ ಸರ್" ಅಂದೆ. "ತುದಿಗೆ ಕಟ್ಟಿ ಅಂದವಳು ನಾನೇ. ದಾರವೂ ನಂದೇ. ಗೊಬ್ಬರದ ಚೀಲದ್ದು."

ಅವರು ನನ್ನನ್ನು ನೋಡಿದರು. ಮೆಲ್ಲಗೆ ನಗು ಬಂತು ಅವರಿಗೆ. "ಹಂಗಾದ್ರೆ ಯಜಮಾನ್ರೂ ಸುಳ್ಳು ಹೇಳೋರು."

"ಒಂದೇ ಒಂದು" ಅಂದೆ.

ರಿಪೋರ್ಟನ್ನು ಈಗ ಯಾರೂ ತಿದ್ದುವುದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನೋಟ್ ಪುಸ್ತಕದಲ್ಲಿ ಅಶೋಕನಿಗೂ ಮಾವನ ಗಾಳಿಗೂ ನಡುವೆ ಇನ್ನೂ ಕೆಲವು ಹಾಳೆ ಖಾಲಿ ಇವೆ. ಬಂದವರನ್ನು ಈಗ ನಾನೇ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ, ಬಂದು ಒಂದು ಸಾಲು ಬರೆಯುತ್ತೇನೆ. ಈ ಸಲದ ಆಯುಧಪೂಜೆಗೆ ಒಂದು ಮಾಲೆ ಹೆಚ್ಚಾಗಿ ಮಾಡಿದೆ, ಬಾಳೆನಾರಿನಲ್ಲಿ. ಒಯ್ದು ಆ ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟು, ಸ್ವಲ್ಪ ಹೊತ್ತು ಕೂತೆ. ನಾನು ಏಳುವ ಮೊದಲೇ ನಾರು ಹರಿದು, ಹೂವುಗಳು ಒಂದೊಂದಾಗಿ ಕಟ್ಟೆಯಿಂದ ಉರುಳಿ ಹುಲ್ಲಿನೊಳಗೆ ಹೋದವು. ಹುಲ್ಲು ಮಲಗಿತ್ತು.